ಎರ್ರಿಸ್ವಾಮಿಯ ಬಲಗೈ

ರಾಯದುರ್ಗದಲ್ಲಿ ಒಲೆ ಹೊತ್ತದ ಮನೆ ಒಂದೆರಡು ಸಿಕ್ಕಾವು, ಹೊಲಿಗೆ ಮಿಷನ್ ಇಲ್ಲದ ಮನೆ ಸಿಗುವುದು ಕಷ್ಟ. ಊರಿಗೆ ಊರೇ ಜೀನ್ಸ್ ಪ್ಯಾಂಟು ಹೊಲಿಯುತ್ತದೆ. ಒಂದು ಮನೆಯಲ್ಲಿ ಜೇಬು, ಇನ್ನೊಂದರಲ್ಲಿ ಗುಂಡಿಯ ಕಾಜಾ, ಮತ್ತೊಂದರಲ್ಲಿ ಜಿಪ್ಪು. ಎರ್ರಿಸ್ವಾಮಿ ಜಿಪ್ಪು ಕೂರಿಸುವುದರಲ್ಲಿ ಹೆಸರು ಮಾಡಿದವನು. ಪ್ಯಾಂಟು ಹರಿದು ನೆಲ ಒರೆಸುವ ಬಟ್ಟೆಯಾದರೂ ಅವನು ಕೂರಿಸಿದ ಜಿಪ್ಪು ಹಾಗೇ ಓಡಾಡಿಕೊಂಡಿರುತ್ತದೆ ಎಂದು ಓಣಿಯವರು ತಮಾಷೆ ಮಾಡುತ್ತಿದ್ದರು. ಅಂಥವನಿಗೆ ಒಂದು ಬೆಳಿಗ್ಗೆ ಮಿಷನ್ ಮುಂದೆ ಕೂತಲ್ಲೇ ಲಕ್ವ ಹೊಡೆಯಿತು. ಸೊಟ್ಟಗಾದ ಬಾಯಿ ನಿಧಾನಕ್ಕೆ ಸರಿಹೋಯಿತು. ಕಾಲು ಎಳೆದುಕೊಂಡಾದರೂ ನಡೆಯುವಷ್ಟಾಯಿತು. ಬಲಗೈ ಮಾತ್ರ ಹೋದದ್ದು ಹೋಗಿಯೇ ಬಿಟ್ಟಿತು.

ಅವನ ಹೆಂಡತಿ ಬನಶಂಕರಮ್ಮ ಅದಕ್ಕೂ ಮುಂಚಿನಿಂದಲೇ ಪ್ರಾರ್ಥನೆಗೆ ಹೋಗುತ್ತಿದ್ದವಳು. ಪಕ್ಕದ ಓಣಿಯ ಮುದುಕಿ ತಿಪ್ಪಮ್ಮ ಕರೆದುಕೊಂಡು ಹೋಗಿ ರೂಢಿ ಮಾಡಿಸಿದ್ದು. ದೀಕ್ಷಾಸ್ನಾನವಾದಾಗ ಪಾಸ್ಟರು ಅವಳಿಗೆ ಎಸ್ತೇರಮ್ಮ ಎಂದು ಹೆಸರಿಟ್ಟರು. ಆದರೆ ಹುಟ್ಟಿನಿಂದ ಅಂಟಿದ ಹೆಸರು ಒಂದು ಮುಳುಗಿಗೆ ಬಿಟ್ಟು ಹೋಗುತ್ತದೆಯೇ? ಪಾಸ್ಟರು ಮೈಕಿನಲ್ಲಿ ಎಸ್ತೇರಮ್ಮ ಎಂದರೆ ಅವಳೇ ಹಿಂದೆ ತಿರುಗಿ, ಯಾರನ್ನು ಕರೆದರು ಎಂದು ನೋಡುತ್ತಿದ್ದಳು. ಎರ್ರಿಸ್ವಾಮಿಯಂತೂ, "ನನ್ನ ಹೆಸರಿನಾಗ ಇರೋ ಸ್ವಾಮೀನ ಬಿಟ್ಟು ಹ್ಯಾಂಗ ಬರ್ಲಿ? ನೀ ಹೋಗು, ನಿನ್ನ ದೇವ್ರಿಗೆ ನಂದೊಂದು ನಮಸ್ಕಾರ ಹೇಳು," ಎಂದು ಕಳಿಸಿಕೊಡುತ್ತಿದ್ದ.

ಕೈ ಹೋದ ಮೇಲೆ ಅವನೂ ಬರತೊಡಗಿದ. ಒಳಗಲ್ಲ, ಪ್ರಾರ್ಥನಾ ಮಂದಿರದ ಹೊರಗಿನ ಬೇವಿನ ಕಟ್ಟೆಯವರೆಗೆ. ಅಲ್ಲಿ ಕೂತು ಎಡಗೈಯಲ್ಲಿ ಬೀಡಿ ಸೇದುತ್ತ ಮೈಕು ಕೇಳುವನು. ಭಾನುವಾರದ ಸಭೆಯಲ್ಲಿ ಪಾಸ್ಟರು ಪ್ರಭುದಾಸಯ್ಯ, ಎಲ್ಲರೂ ಅಯ್ಯಗಾರು ಎನ್ನುವವರು, ಕಷ್ಟದಲ್ಲಿದ್ದವರ ಹೆಸರನ್ನು ಒಂದೊಂದಾಗಿ ಕರೆಯುತ್ತಾರೆ. ಇಂಥವರು, ಇಂಥ ಕಷ್ಟ. ಅವರು ಕರೆದ ಕೂಡಲೇ ಸಭೆಯೆಲ್ಲ ಆ ಹೆಸರನ್ನೇ ತಿರುಗಿ ಹೇಳಿ "ಕರುಣಿಸು ದೇವಾ" ಎನ್ನಬೇಕು. "ಎರ್ರಿಸ್ವಾಮಿ, ಬಲಗೈ" ಎಂದು ಮೈಕಿನಲ್ಲಿ ಬಂದಾಗ ಹೊರಗಿದ್ದ ಎರ್ರಿಸ್ವಾಮಿ ಬೀಡಿಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ.

ಇನ್ನೊಂದು ಪದ್ಧತಿ ಸಾಕ್ಷಿಯದು. ದೇವರು ಯಾರಿಗಾದರೂ ಒಳ್ಳೆಯದು ಮಾಡಿದರೆ ಅವರು ಎದ್ದು ನಿಂತು ಸಭೆಯ ಮುಂದೆ ಸಾಕ್ಷಿ ಹೇಳಬೇಕು. ಹೇಳದೆ ಮುಚ್ಚಿಟ್ಟರೆ ಬಂದದ್ದು ವಾಪಸ್ ಹೋಗುತ್ತದೆ ಎಂದು ಹೆಂಗಸರಲ್ಲಿ ಒಂದು ಗಟ್ಟಿ ನಂಬಿಕೆ. ಅಯ್ಯಗಾರು ಹಾಗೆ ಹೇಳಿದ್ದರೋ ಇಲ್ಲವೋ, ಗಂಗಕ್ಕನ ಕಥೆ ಎಲ್ಲರಿಗೂ ಗೊತ್ತಿತ್ತು. ಬಹಳ ದಿನದ ತಲೆನೋವು ಹೋಗಿತ್ತಂತೆ, ಮುಂದಿನ ವಾರ ಹೇಳಿದರಾಯಿತು ಎಂದು ಸುಮ್ಮನಿದ್ದಳಂತೆ, ಶನಿವಾರ ಎರಡು ಪಟ್ಟಾಗಿ ತಿರುಗಿ ಬಂತಂತೆ. ಆಮೇಲೆ ಕಾಲಿನ ಮುಳ್ಳು ಕಿತ್ತು ಬಂದರೂ ಎದ್ದು ನಿಂತು ಸಾಕ್ಷಿ ಹೇಳುವಳು ಗಂಗಕ್ಕ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಬನಶಂಕರಮ್ಮ ಗಂಡನಿಗೆ ಅಂಗಿ ತೊಡಿಸುತ್ತಿದ್ದಳು. ಸತ್ತ ಕೈಯನ್ನು ತೋಳಿನೊಳಗೆ ತೂರಿಸುವಾಗ ತೋರುಬೆರಳು ಅಲ್ಲಾಡಿತು. ದಾರದ ತುದಿ ಹಿಡಿಯಲು ಹೋಗುವ ಹಾಗೆ ಒಮ್ಮೆ ಮಡಿಸಿಕೊಂಡಿತು. ಅವಳಿಗೆ ಮೊದಲು ಬಂದದ್ದು ಸಂತೋಷ. ಅದರ ಬೆನ್ನಿಗೇ ಭಯ ಬಂತು: ಇದನ್ನು ಇವತ್ತೇ ಹೇಳದಿದ್ದರೆ? ಕಾಲೆಳೆಯುವ ಗಂಡನನ್ನು ಮನೆಯಲ್ಲೇ ಬಿಟ್ಟು ಒಬ್ಬಳೇ ಸಭೆಗೆ ಓಡಿದಳು. ಅವತ್ತು ಅವಳನ್ನು ಎಬ್ಬಿಸಿ ನಿಲ್ಲಿಸಿದ್ದು ವಿಶ್ವಾಸವಲ್ಲ, ಆ ಭಯ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಹೆದರಿದವರಿಗೆ ಅಷ್ಟೂ ಇರುವುದಿಲ್ಲ.

"ಬೆರಳು ಅಲ್ಲಾಡ್ತು," ಎಂದಳು ಸಭೆಯಲ್ಲಿ. ಅಯ್ಯಗಾರು ಮೈಕಿನಲ್ಲಿ ಅದನ್ನು, "ಸತ್ತ ಕೈಗೆ ಜೀವ ಬಂತು!" ಎಂದು ಹೇಳಿದರು. ಚಪ್ಪಾಳೆ, ಹಲ್ಲೆಲೂಯ, ಅಳು. ಕೈಯಲ್ಲ, ಬೆರಳು ಎಂದು ತಿದ್ದಬೇಕೆಂದು ಬಾಯಿ ತೆರೆದವಳು ಸುತ್ತಲಿನ ಮುಖಗಳನ್ನು ನೋಡಿ ತಲೆಯಾಡಿಸಿಬಿಟ್ಟಳು. ಕೈ ಬಂದೇ ಬರುತ್ತದೆ, ಎರಡು ದಿನ ಹೆಚ್ಚುಕಡಿಮೆ ಅಷ್ಟೇ ಎಂದುಕೊಂಡಳು.

ಕೈ ಬರಲಿಲ್ಲ. ಬೆರಳು ಮತ್ತೆ ಅಲ್ಲಾಡಲೂ ಇಲ್ಲ. ಬಳ್ಳಾರಿಗೆ ಕರೆದುಕೊಂಡು ಹೋದಾಗ ಡಾಕ್ಟರು ಕೈಯನ್ನು ಎತ್ತಿ ಬಿಟ್ಟು, ಎತ್ತಿ ಬಿಟ್ಟು ನೋಡಿ, "ನರ ತಾನಾಗೇ ಒಮ್ಮೊಮ್ಮೆ ಎಳೀತೈತಮ್ಮ. ಅದು ಕೈ ಬಂದಂಗಲ್ಲ. ಇನ್ನ ಇದು ಇಷ್ಟ," ಎಂದರು.

ಅಷ್ಟರಲ್ಲಿ ಇನ್ನೊಂದು ಆಗಿಹೋಗಿತ್ತು. ಸಾಕ್ಷಿ ಹೇಳಿದವರ ಹೆಸರನ್ನು ಮತ್ತೆ ಕರೆಯುವುದಿಲ್ಲ. ಗುಣವಾದವನಿಗೆ ಮದ್ದೇಕೆ? ಮುಂದಿನ ಭಾನುವಾರ ಅಯ್ಯಗಾರು ಹೆಸರು ಕರೆಯುತ್ತ ಬಂದರು, ಎರ್ರಿಸ್ವಾಮಿಯ ಜಾಗಕ್ಕೆ ಬಂದಾಗ ಮುಂದಿನ ಹೆಸರಿಗೆ ಹೋದರು. ಬನಶಂಕರಮ್ಮನಿಗೆ ಪಂಕ್ತಿಯಲ್ಲಿ ಕೂತಾಗ ತನ್ನ ಎಲೆಯೊಂದನ್ನೇ ಬಿಟ್ಟು ಬಡಿಸಿದ ಹಾಗಾಯಿತು. ಕೇಳುವುದಾದರೂ ಹೇಗೆ? ಕೇಳಿದರೆ ಸಾಕ್ಷಿ ಸುಳ್ಳೆಂದಾಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಎಲ್ಲಿ ನಿಮ್ಮೆಜಮಾನ್ರು, ಕೈ ಎತ್ತಿ ತೋರ್ಸ್ಲಿ, ನೋಡಿ ಕಣ್ತುಂಬಿಕೊಂತೀವಿ," ಎಂದು ಹೆಂಗಸರು ಕೇಳತೊಡಗಿದರು. ಡಿ. ಹಿರೇಹಾಳಿನ ಅಣ್ಣನ ಮನೆಗೆ ಹೋಗಿದ್ದಾರೆ ಎಂದಳು. ಆಮೇಲೆ ಬಳ್ಳಾರಿಯಲ್ಲಿ ಕೆಲಸಕ್ಕೆ ನಿಂತಿದ್ದಾರೆ ಎಂದಳು. ಒಂದು ಸುಳ್ಳನ್ನು ಸಾಕಲು ಹತ್ತು ಸುಳ್ಳು ಬೇಕು. ಎರ್ರಿಸ್ವಾಮಿ ಸಂಜೆ ಮನೆಯ ಮುಂದಿನ ಕಟ್ಟೆಯಲ್ಲಿ ಕೂರುತ್ತಿದ್ದದ್ದು ನಿಂತಿತು. ಭಾನುವಾರದ ಬೇವಿನ ಕಟ್ಟೆ ನಿಂತಿತು. ಅವನನ್ನು ಒಳಗಿನ ಕೋಣೆಯ ಕಿಟಕಿಯ ಪಕ್ಕ ಕೂರಿಸಿ ಬಾಗಿಲು ಮುಂದೆ ಮಾಡಿಕೊಂಡು ಹೋಗುವಳು. ಅವನು ಒಮ್ಮೆ ನಕ್ಕ. "ಗುಣ ಆಗಿದ್ದು ನಾನು, ಜೈಲಿಗೆ ಹಾಕೀದೂ ನನ್ನ," ಎಂದ. ಅವಳು ನಗಲಿಲ್ಲ.

ದಣಿವು ಎಂದರೆ ಏನೆಂದು ಅವಳಿಗೆ ಆ ದಿನಗಳಲ್ಲಿ ತಿಳಿಯಿತು. ಹಗಲೆಲ್ಲ ಮಿಷನ್ ಮುಂದೆ ಕೂತು ಜೇಬು ಹೊಲಿದ ದಣಿವು ಅಲ್ಲ, ಅದು ಮಲಗಿದರೆ ಹೋಗುತ್ತದೆ. ಮಿಷನ್ನಿನ ಮೇಲಿನ ಗೋಡೆಗೆ "ಹೆದರಬೇಡ" ಎಂಬ ಬೈಬಲ್ ವಾಕ್ಯದ ಕಾರ್ಡು ಅಂಟಿಸಿದ್ದಳು. ಹೊಸ ವರ್ಷದ ಸಭೆಯಲ್ಲಿ ತಟ್ಟೆಯಲ್ಲಿ ಮಗುಚಿಟ್ಟ ಕಾರ್ಡುಗಳಿಂದ ಒಂದನ್ನು ಎತ್ತಿಕೊಂಡಾಗ ಅವಳ ಪಾಲಿಗೆ ಬಂದ ವಾಕ್ಯ. ಈಗ ತಲೆ ಎತ್ತಿದರೆ ಅದು ಕಾಣುತ್ತದೆಂದು ತಲೆ ತಗ್ಗಿಸಿಯೇ ಹೊಲಿಯುತ್ತಿದ್ದಳು. ಪ್ರಾರ್ಥನೆಗೆ ಮೊಣಕಾಲೂರಿದರೆ ಮಾತು ಬರುತ್ತಿರಲಿಲ್ಲ. ಕೈ ಕೊಟ್ಟೆಯಲ್ಲ ಸ್ತೋತ್ರ ಎಂದರೆ ಸುಳ್ಳು, ಕೈ ಕೊಡು ಸ್ವಾಮಿ ಎಂದರೆ ಕೊಟ್ಟಾಯಿತೆಂದು ನೀನೇ ಹೇಳಿದ್ದೀಯಲ್ಲ ಎಂದು ದೇವರು ಕೇಳಿಯಾನು. ದೇವರ ಮುಂದೆಯೂ ಅವಳು ಸಿಕ್ಕಿಬಿದ್ದಿದ್ದಳು.

ಇಂಥ ಹೊತ್ತಿನಲ್ಲಿ ಮಡಕಶಿರದಿಂದ ಕರೆ ಬಂತು. ಅಲ್ಲಿ ಹೆಂಗಸರ ಕೂಟ. ಸೋತವರಿಗೆ, ಹೆದರಿದವರಿಗೆ ಧೈರ್ಯ ತುಂಬುವ ಸಾಕ್ಷಿಗಳು ಬೇಕಂತೆ. ಅಯ್ಯಗಾರು, "ನೀನೇ ಬರಬೇಕಮ್ಮ ಎಸ್ತೇರಮ್ಮ," ಎಂದರು. ಅವರು ಕಪಟಿಯಲ್ಲ, ಪಾಪ. ನಂಬುವುದೇ ಅವರ ಕೆಲಸ, ನಂಬಿದ್ದರು. ಬೇಡವೆನ್ನಲು ಅವಳಿಗೆ ಕಾರಣ ಸಿಗಲಿಲ್ಲ. ಕಲ್ಯಾಣದುರ್ಗ, ಪಾವಗಡ ದಾಟಿ ಬಸ್ಸು ಮಡಕಶಿರ ತಲುಪುವವರೆಗೂ ಇವತ್ತಾದರೂ ಬೆರಳು ಎಂದೇ ಹೇಳುತ್ತೇನೆ ಎಂದುಕೊಳ್ಳುತ್ತ ಹೋದಳು.

ಕೋಟೆ ಬೆಟ್ಟದ ಕೆಳಗೆ ಶಾಮಿಯಾನ. ನೂರಾರು ಹೆಂಗಸರು. ಮೈಕು ಕೈಗೆ ಬಂತು. ಅವಳು ಲಕ್ವದ ದಿನ ಹೇಳಿದಳು, ಆಸ್ಪತ್ರೆ ಹೇಳಿದಳು. ಎದುರಿನ ಮುಖಗಳು ಬಾಯಾರಿದವರಂತೆ ಅವಳನ್ನೇ ನೋಡುತ್ತಿದ್ದವು. ಬೆರಳಿಗೆ ಬಂದಾಗ ಅವಳಿಗೆ ಆ ಮುಖಗಳನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. "ಕೈ ಎತ್ತಿದ್ರು," ಎಂದಳು. "ಸೂಜಿಗೆ ದಾರ ಪೋಣಿಸಿದ್ರು." ಹಾಗೆ ಹೇಳಿದ ದನಿ ತನ್ನದೇ ಎಂದು ಅವಳಿಗೆ ಚಪ್ಪಾಳೆ ನಿಂತ ಮೇಲೆ ಗೊತ್ತಾಯಿತು.

ಊಟದ ಹೊತ್ತಿನಲ್ಲಿ ನೀರಿನ ಡ್ರಮ್ಮಿನ ಹತ್ತಿರ ಒಬ್ಬಳು ಬಂದು ಅವಳ ಸೆರಗು ಹಿಡಿದಳು. ಮಂಜುಳಮ್ಮ ಎಂದು ಹೆಸರು. ಮನೆಯಲ್ಲಿ ರೇಷ್ಮೆ ಹುಳ ಸಾಕಣೆ. ಗಂಡ ರಾಮಾಂಜಿನೇಯ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವಾಗ ಲಕ್ವ ಹೊಡೆದು ಬಿದ್ದವನು ಆವತ್ತಿನಿಂದ ಹಾಸಿಗೆಯಲ್ಲೇ ಇದ್ದಾನೆ.

"ಅಕ್ಕ, ನಮ್ಮೋರ್ದೂ ಬಲಗೈಯೇ," ಎಂದಳು ಮಂಜುಳಮ್ಮ. "ನಿಮ್ಮಂಗೇ ನಾನೂ ಉಪವಾಸ ಇದ್ದೀನಿ, ಪ್ರಾರ್ಥನೆ ಮಾಡೀನಿ. ನಿಮ್ಮೋರ್ಗೆ ಆಯ್ತು, ನಮ್ಮೋರ್ಗೆ ಯಾಕಾಗವಲ್ದು? ನನ್ ವಿಶ್ವಾಸ ಕಮ್ಮಿ ಐತಾ? ನೀವೇ ಹೇಳಿ ಅಕ್ಕ, ನೀವು ಕಂಡೋರು."

ಅಲ್ಲೇ ಹೇಳಬಹುದಿತ್ತು. ಹತ್ತಿರ ಯಾರೂ ಇರಲಿಲ್ಲ. ನೀರಿನ ಲೋಟ ಕೆಳಗಿಟ್ಟು ನಾಲ್ಕು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಬನಶಂಕರಮ್ಮ, "ವಿಶ್ವಾಸ ಇಡವ್ವ, ಬಿಡಬ್ಯಾಡ," ಎಂದು ಅವಳ ಬೆನ್ನು ಸವರಿ ಬಸ್ಸಿನ ಕಡೆಗೆ ನಡೆದಳು.

ಆಮೇಲೆ ಅವಳಿಗೆ ಅನ್ನ ಸೇರಲಿಲ್ಲ. ವಾರ ಕಳೆಯಿತು, ಇನ್ನೂ ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಜೇಬಿನ ತುಂಡುಗಳ ಗುಡ್ಡೆಯ ನಡುವೆ ಕೂತಿದ್ದಾಗ ಕಿಟಕಿಯ ಪಕ್ಕದಿಂದ ಎರ್ರಿಸ್ವಾಮಿ ಕೇಳಿದ, "ಸಭಾದಾಗ ನನ್ನ ಹೆಸರು ಈಗೂ ಕರೀತಾರೇನು?"

"ಇಲ್ಲ."

"ಯಾಕ?"

"ಗುಣ ಆದೋರ ಹೆಸರು ಕರಿಯೋದಿಲ್ರಿ."

ಅವನು ಕಿಟಕಿಯ ಕಡೆಗೆ ಮುಖ ತಿರುಗಿಸಿದ. "ಆ ಮಂದ್ಯಾಗ ನನಗ ಯಾರೂ ಗೊತ್ತಿಲ್ಲ. ನಿನ್ನ ದೇವ್ರೂ ಗೊತ್ತಿಲ್ಲ. ಆದ್ರ ವಾರಕ್ಕೊಮ್ಮೆ ಅಷ್ಟೂ ಮಂದಿ ಕೂಡಿ ನನ್ನ ಹೆಸರು ಅಂತಿದ್ರು. ಕೈ ಹೋಗಿದ್ದಕ್ಕಿಂತ ಇದಾ ಬ್ಯಾಸರ ಆತು ನೋಡು."

ಬನಶಂಕರಮ್ಮನ ಕಾಲು ಮಿಷನ್ನಿನ ಮೇಲೆ ನಿಂತುಬಿಟ್ಟಿತು. ಒಳಗಿಟ್ಟುಕೊಂಡದ್ದೆಲ್ಲ ಆಗ ಬಾಯಿಗೆ ಬಂತು. ಮಡಕಶಿರದ ಮೈಕು, ಸೂಜಿ ದಾರ, ನೀರಿನ ಡ್ರಮ್ಮು, ಮಂಜುಳಮ್ಮ, ಎಲ್ಲವನ್ನೂ ಹೇಳಿ ಅತ್ತಳು. ಗಂಡ ಸಮಾಧಾನ ಮಾಡುತ್ತಾನೆ ಎಂದುಕೊಂಡಿದ್ದಳು. ಅವನು ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಹೇಳಿದ, "ಈ ಕೈ ಇರೋ ತನಕ ಒಂದಿನ ಸುಳ್ಳು ಹೊಲಿಗಿ ಹಾಕಿದ್ದಿಲ್ಲ. ಸತ್ತ ಮ್ಯಾಲೆ ಇದರ ಕೈಲೆ ಸುಳ್ಳು ಹೇಳ್ಸಾಕ ಹತ್ತೀದಿ."

ಮುಂದಿನ ಭಾನುವಾರ ಅವಳು ಅವನಿಗೆ ಒಗೆದ ಅಂಗಿ ತೊಡಿಸಿ ಮಂದಿರಕ್ಕೆ ಕರೆದುಕೊಂಡು ಹೋದಳು. ಬೇವಿನ ಕಟ್ಟೆಗಲ್ಲ, ಒಳಕ್ಕೆ. ಸಾಕ್ಷಿಯ ಹೊತ್ತು ಬಂದಾಗ ಎದ್ದಳು.

"ನಾನು ಹೇಳಿದ ಸಾಕ್ಷಿ ವಾಪಸ್ ತಗೊಂತೀನಿ. ಇವ್ರ ಕೈ ಬಂದಿಲ್ಲ. ಬೆರಳು ಒಂದು ಸಲ ಅಲ್ಲಾಡ್ತು, ಅಷ್ಟ. ಇವ್ರ ಹೆಸರು ತಿರುಗ ಕರೀರಿ ಅಯ್ಯಗಾರು."

ಅಯ್ಯಗಾರು ಮೈಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ಸಾಕ್ಷಿ ವಾಪಸ್ ತಗೊಳ್ಳೋ ಪದ್ಧತಿ ನಮ್ಮಲ್ಲಿ ಇಲ್ಲಮ್ಮ," ಎಂದರು ಕೊನೆಗೆ. ಕೋಪದಿಂದಲ್ಲ, ನಿಜವಾಗಿಯೂ ದಾರಿ ಕಾಣದೆ. ಮುಂದಿನ ವಾರ ನೋಡೋಣ ಎಂದು ಹಾಡು ಶುರು ಮಾಡಿದರು. ಯಾರೂ ಅವಳ ಕಡೆ ನೋಡದೆ ಹಾಡಿದರು.

ಸಭೆ ಬಿಟ್ಟ ಮೇಲೆ ಮೆಟ್ಟಿಲಲ್ಲಿ ತಿಪ್ಪಮ್ಮ ಅವಳ ಭುಜ ಹಿಡಿದು ನಿಲ್ಲಿಸಿದಳು. "ನನಗ ಮೊದ್ಲೇ ಗೊತ್ತಿತ್ತು ಬಿಡವ್ವ. ದಿನಾ ನಿಮ್ಮ ಕಿಟಕ್ಯಾಗ ಕಾಣ್ತಿದ್ದ."

"ಮತ್ತ ಯಾಕ ಹೇಳಲಿಲ್ಲ ಎವ್ವಾ?"

"ನಿಂದು ಸುಳ್ಳಾದ್ರ ನಮ್ದೆಲ್ಲ ಏನಾಗ್ತೈತೋ ಅಂತ ಹೆದ್ರಿಕಿ," ಎಂದಳು ಮುದುಕಿ. ಆಮೇಲೆ ಎರ್ರಿಸ್ವಾಮಿಯ ಕಡೆ ತಿರುಗಿ, ಮೈಕಿಲ್ಲದ ತನ್ನ ಒಡಕು ದನಿಯಲ್ಲಿ, "ಎರ್ರಿಸ್ವಾಮಿ, ಬಲಗೈ. ಕರುಣಿಸು ದೇವಾ," ಎಂದಳು. ಚಪ್ಪಲಿ ಹುಡುಕುತ್ತಿದ್ದ ಗಂಗಕ್ಕನೂ ಬಾಯೊಳಗೇ ಅದನ್ನು ಹೇಳಿದಳು. ಉಳಿದವರು ಮನೆಗೆ ಹೋದರು. ಮುಂದಿನ ವಾರವೂ ಅಯ್ಯಗಾರು ಅವನ ಹೆಸರು ಕರೆಯಲಿಲ್ಲ.

ಮಡಕಶಿರದ ಕೆಲಸ ಬಾಕಿ ಇತ್ತು. ಬನಶಂಕರಮ್ಮ ಒಬ್ಬಳೇ ಹೊರಟಾಗ ಎರ್ರಿಸ್ವಾಮಿ ತಾನೂ ಬರುತ್ತೇನೆಂದ. "ನಿನ್ನ ಮಾತು ಯಾರು ನಂಬ್ತಾರ? ಸಾಕ್ಷಿ ನನ್ನ ಹತ್ರ ಐತಿ," ಎಂದು ಬಲಗೈಯನ್ನು ಗದ್ದದಿಂದಲೇ ತೋರಿಸಿದ. ಎರಡು ಬಸ್ಸು ಬದಲಿಸಿ, ಅವನು ಎಳೆಯುವ ಕಾಲಿಗೆ ತಕ್ಕಂತೆ ನಿಧಾನಕ್ಕೆ ನಡೆದು, ಕೇಳುತ್ತ ಕೇಳುತ್ತ ಮಂಜುಳಮ್ಮನ ಮನೆ ಹುಡುಕಿದರು.

ಅಂಗಳದಲ್ಲಿ ರೇಷ್ಮೆ ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳು ಗೋಡೆಗೊರಗಿದ್ದವು, ಖಾಲಿ. ಒಳಗೆ ಮಂಚ ಕಂಡಿತು. ಅದರ ಮೇಲಿನ ಹಾಸಿಗೆಯನ್ನು ಸುತ್ತಿ ಹಗ್ಗ ಕಟ್ಟಿ ಇಟ್ಟಿತ್ತು. ಅದನ್ನು ನೋಡಿದ ಕೂಡಲೇ ಬನಶಂಕರಮ್ಮನಿಗೆ ತಿಳಿಯಿತು. ಅವಳು ಹೊಸ್ತಿಲಲ್ಲೇ ನಿಂತಳು.

"ಬನ್ನಿ ಅಕ್ಕ," ಎಂದಳು ಮಂಜುಳಮ್ಮ. ಅಳುವ ಮುಖವಿರಲಿಲ್ಲ ಅವಳದು, ಅತ್ತು ಮುಗಿದಿತ್ತು. "ಹೋದ್ವಾರ ಹೋಗ್ಬಿಟ್ರು. ನನ್ ವಿಶ್ವಾಸ ಕೊನೇಗೂ ಸಾಲಲಿಲ್ಲ."

ಮಂಜುಳಮ್ಮ ಹೇಳುತ್ತಲೇ ಹೋದಳು. "ಒಂದು ಮಾತು ನಿಮ್ಗೆ ಹೇಳ್ಬೇಕು ಅಕ್ಕ, ಬೇರೆ ಯಾರ್ಗೂ ಹೇಳಿಲ್ಲ. ಕೂಟದಿಂದ ಬಂದ್ಮೇಲೆ ಅವರ್ನ ದಿನಾ ಬಯ್ತಿದ್ದೆ. ರಾಯದುರ್ಗದೋರು ಕೈ ಎತ್ತುದ್ರಂತೆ, ನೀನ್ಯಾಕೆ ಎತ್ತಲ್ಲ, ನಂಬಿಕೆ ಇಲ್ವಾ ನಿಂಗೆ ಅಂತ. ಎತ್ತೋಕೆ ನೋಡ್ತಿದ್ರು. ಹಣೆ ಮೇಲೆ ಬೆವರು ಬರ್ತಿತ್ತು. ಕೊನೆ ದಿನಾನೂ ಬೈದೆ."

ಆ ಮನೆಯಲ್ಲಿ ಆ ಹೊತ್ತಿನಲ್ಲಿ ಭೂಮಿ ಬಾಯಿ ಬಿಟ್ಟಿದ್ದರೆ ಬನಶಂಕರಮ್ಮ ಸಂತೋಷದಿಂದ ಇಳಿದು ಹೋಗುತ್ತಿದ್ದಳು. ಹೇಳುವುದೋ ಬೇಡವೋ? ಸತ್ತವನು ಸತ್ತಾಯಿತು, ಈಗ ಹೇಳಿದರೆ ಯಾರಿಗೆ ಲಾಭ? ಹಿಂತಿರುಗಿ ಗಂಡನ ಮುಖ ನೋಡಿದಳು. ಅವನು ಬಂದು ಮಂಚದ ತುದಿಗೆ ಕೂತು, ಎಡಗೈಯಿಂದ ಬಲಗೈಯನ್ನು ಎತ್ತಿ ಮಂಜುಳಮ್ಮನ ಮುಂದೆ ಹಿಡಿದು, ಬಿಟ್ಟ. ಅದು ದೊಪ್ಪೆಂದು ಮಂಚದ ಮೇಲೆ ಬಿತ್ತು.

"ಎದ್ದಿಲ್ಲವ್ವ," ಎಂದಳು ಬನಶಂಕರಮ್ಮ. "ಇವ್ರ ಕೈ ಎದ್ದಿಲ್ಲ. ನಾನು ಸುಳ್ಳು ಹೇಳ್ದೆ."

ಮಂಜುಳಮ್ಮ ಮೊದಲು ಅರ್ಥವಾಗದವಳಂತೆ ನೋಡಿದಳು. ಆಮೇಲೆ ಅವಳ ಕಣ್ಣುಗಳಲ್ಲಿ ಬಂದದ್ದನ್ನು ನೋಡಲಾರದೆ ಬನಶಂಕರಮ್ಮ ತಲೆ ತಗ್ಗಿಸಿದಳು. ಹೊಡೆಯಲಿ, ಉಗಿಯಲಿ, ಅಂಗಳಕ್ಕೆ ದಬ್ಬಲಿ ಎಂದು ನಿಂತಳು. "ಮುಂಚೇನೇ ಹೇಳಿದ್ರೆ," ಎಂದಳು ಮಂಜುಳಮ್ಮ, "ಒಂದ್ ವಾರ ಮುಂಚೆ ಹೇಳಿದ್ರೆ ನಾನು ಬಯ್ತಿರ್ಲಿಲ್ಲ." ಅಷ್ಟೇ ಹೇಳಿ ಮಂಚದ ಮೇಲೆ ಬಿದ್ದಿದ್ದ ಆ ಕೈಯ ಕಡೆ ನೋಡುತ್ತ ಕೂತಳು.

ಸ್ವಲ್ಪ ಹೊತ್ತಾದ ಮೇಲೆ ಅವಳು ಅದನ್ನು ತನ್ನ ಎರಡೂ ಕೈಗಳಿಂದ ಎತ್ತಿಕೊಂಡಳು. ತೂಗಿ ನೋಡುವ ಹಾಗೆ ಹಿಡಿದಳು. ಮಡಿಸಿಕೊಂಡಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಅವು ಮತ್ತೆ ಮಡಿಸಿಕೊಂಡವು.

"ಹಿಂಗೇ ಇತ್ತು," ಎಂದಳು. "ಥೇಟ್ ಹಿಂಗೇ. ಇಷ್ಟೇ ಭಾರ."

ಅಲ್ಲಿಂದ ಅವಳಿಗೆ ಅಳು ಬಂತು. ಮುಗಿದಿದೆ ಎಂದುಕೊಂಡಿದ್ದ ಅಳು. ಬನಶಂಕರಮ್ಮ ಹತ್ತಿರ ಹೋಗಿ ನೆಲಕ್ಕೆ ಕೂತಳು. ಪ್ರಾರ್ಥನೆ ಮಾಡಲೆಂದು ಬಾಯಿ ತೆರೆದರೆ, ಎಷ್ಟೋ ವಾರಗಳಿಂದ ಬಾರದಿದ್ದ ಮಾತು, "ದೇವಾ, ಎದ್ದಿಲ್ಲ," ಎಂದಷ್ಟೇ ಬಂತು. ಮುಂದೆ ಏನೂ ತೋಚಲಿಲ್ಲ. ಆಮೆನ್ ಅನ್ನಲೂ ತೋಚಲಿಲ್ಲ.

"ಇನ್ನೊಂದ್ಸಲ ಹೇಳಿ ಅಕ್ಕ," ಎಂದಳು ಮಂಜುಳಮ್ಮ.

"ಏನವ್ವ?"

"ಎದ್ದಿಲ್ಲ ಅಂತ."

"ಎದ್ದಿಲ್ಲವ್ವ. ನಾನೂ ಉಪವಾಸ ಇದ್ದೆ, ನಾನೂ ಅತ್ತೆ. ಎದ್ದಿಲ್ಲ."

ಹೊರಗೆ ಅವರು ಹಿಂದಿರುಗಬೇಕಿದ್ದ ಪಾವಗಡದ ಬಸ್ಸಿನ ಹಾರನ್ ಕೇಳಿಸಿತು. ಮಂಜುಳಮ್ಮ ಕೈ ಬಿಟ್ಟಿರಲಿಲ್ಲ. ಬನಶಂಕರಮ್ಮ ಗಂಡನ ಮುಖ ನೋಡಿದಳು.

"ಬಸ್ಸು ಹೋಗ್ಲಿ ಬಿಡು," ಎಂದ ಎರ್ರಿಸ್ವಾಮಿ. "ಹಿಡ್ಕೊಳ್ಲಿ."

ಮಂಜುಳಮ್ಮ ಇನ್ನೊಮ್ಮೆ ಕೇಳಿದಳು. ಅವಳು ಕೇಳಿದಷ್ಟು ಸಲವೂ ಬನಶಂಕರಮ್ಮ ಹೇಳಿದಳು.